ರೊಟ್ಟಿಯ ಕೆಳಗಿಟ್ಟ ಕಾಗದ

ಗರಗ
12 ಜೂನ್ 2025

ತಂಗಿ ಸೃಷ್ಟಿಗೆ,

ಅಕ್ಷರ ಸೊಟ್ಟಗಿವೆ. ಕಾಗುಣಿತ ಎಲ್ಲೆಲ್ಲಿ ತಪ್ಪಿದೆಯೋ ಗೊತ್ತಿಲ್ಲ, ಹೊಟ್ಟೆಯೊಳಗೆ ಹಾಕಿಕೋ. ನಕ್ಕರೆ ಒಬ್ಬಳೇ ನಗು, ರೂಮಿನವರಿಗೆ ತೋರಿಸಬೇಡ. ಐದನೇ ಇಯತ್ತೆ ಮುಗಿಸಿ ಸಾಲಿ ಬಿಟ್ಟ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಖಾದಿ ಕೇಂದ್ರದಲ್ಲಿ ಸಹಿ ಮಾಡುವುದೊಂದೇ ನನ್ನ ಬರವಣಿಗೆ.

ಫೋನು ಮಾಡು ಎನ್ನುತ್ತೀಯ. ಫೋನು ಅಪ್ಪನ ಅಂಗಿಯ ಕಿಸೆಯಲ್ಲಿ ಹೊಲಕ್ಕೆ ಹೋಗುತ್ತದೆ. ಸಂಜೆ ಅದು ಮನೆಗೆ ಬಂದಾಗ ಅಪ್ಪ, ಅವ್ವ ಇಬ್ಬರೂ ಎದುರಿಗೇ ಕೂತಿರುತ್ತಾರೆ. ಅವರ ಮುಂದೆ ನನಗೆ "ಊಟಾತೇನ, ಆರಾಮದಿಯೇನ" ಬಿಟ್ಟು ಬೇರೆ ಮಾತೇ ಹೊರಡುವುದಿಲ್ಲ. ಹೇಗೂ ನಿನ್ನ ಬುತ್ತಿಚೀಲ ದಿನಾ ಏಳರ ಬಸ್ಸಿಗೆ ಧಾರವಾಡಕ್ಕೆ ಬರುತ್ತದೆ. ಅದರ ತಳದಲ್ಲಿ ಈ ಕಾಗದ ಇಟ್ಟಿದ್ದೇನೆ. ಎಣ್ಣೆ ತಾಗಬಾರದೆಂದು ಪ್ಲಾಸ್ಟಿಕ್ ಹಾಳೆ ಸುತ್ತಿದ್ದೇನೆ.

ಚೀಲ ಕೊಡುವಾಗ ಕಂಡಕ್ಟರ್ ಜಾವೀದಣ್ಣ ನಿನ್ನೆಯೂ ಬಿಡಲಿಲ್ಲ. "ಮಾಳವ್ವಾ, ನಿನ್ನ ತಂಗಿ ಬುತ್ತಿ ಹೊತ್ತ ಹೊತ್ತ ನಮ್ಮ ಬಸ್ಸಿಗೇ ಶೇಂಗಾ ಚಟ್ನಿ ವಾಸನಿ ಹಿಡದೈತಿ ನೋಡವಾ. ಚೆಕ್ಕಿಂಗನಾವರು ಹತ್ತಿದರ ಮೊದಲ 'ಊಟ ಎಲ್ಲೈತ್ರಿ' ಅಂತ ಕೇಳ್ತಾರ" ಎಂದ. ನಾನು ಸೆರಗು ಬಾಯಿಗೆ ಹಿಡಿದು ಬಂದುಬಿಟ್ಟೆ.

ನಿನ್ನನ್ನು ಎರಡು ಮಾತು ಕೇಳಬೇಕು. ಈಚೆಗೆ ಡಬ್ಬಿ ಹೊಳೆಯುವ ಹಾಗೆ ತೊಳೆದು ಬರುತ್ತಿದೆ. ನೀನು ತೊಳೆದರೆ ಮುಚ್ಚಳದ ಅಂಚಿನಲ್ಲಿ ಚಟ್ನಿ ಉಳಿದಿರುತ್ತದೆ, ನನಗೆ ಗೊತ್ತು. ಅದೂ ಅಲ್ಲದೆ ಯಾರೋ ಒಂದು ದಿನ ಅದರಲ್ಲಿ ಚೂರು ಸಕ್ಕರೆ ಹಾಕಿ ಕಳಿಸುತ್ತಾರೆ, ಒಂದು ದಿನ ಪೇರಲಹಣ್ಣು. ನಿನ್ನೆ ಫೇಡೆ ಇತ್ತು. ಡಬ್ಬಿ ಖಾಲಿ ತಿರುಗಿಸಬಾರದು ಎಂಬ ರೂಢಿ ನಿನಗೆ ಯಾವತ್ತೂ ಇದ್ದಿಲ್ಲ. ಯಾರು ಅವರು?

ಎರಡನೆಯದು, ಬೆಳಿಗ್ಗೆ ಆರೂವರೆಯ ಕ್ಲಾಸಿನಲ್ಲಿ ನೀನು ಕಲಿಯುವುದಾದರೂ ಏನು? ಅವ್ವ ಕೇಳುತ್ತಾಳೆ. "ಇಂಗ್ಲಿಷ್" ಎಂದರೆ, "ಅದನ್ನ ಬಿ.ಎ.ದಾಗ ಕಲತಾಳಲ್ಲ, ಇನ್ನೇನ ಉಳದೈತಿ" ಎನ್ನುತ್ತಾಳೆ. ನೀನೇ ಬರೆದು ಕಳಿಸು.

ನಿನ್ನ ಅಕ್ಕ
ಮಾಳವ್ವ


ಸಪ್ತಾಪುರ, ಧಾರವಾಡ
15 ಜೂನ್ 2025

ಅಕ್ಕಾ,

ರೊಟ್ಟಿಯ ಕೆಳಗೆ ಕಾಗದ ಕಂಡ ಕೂಡಲೇ ಎದೆ ಧಸಕ್ ಎಂದಿತು, ಮನೆಯಲ್ಲಿ ಏನಾಯಿತೋ ಎಂದು. ಓದಿದ ಮೇಲೆ ಸಮಾಧಾನವಾಯಿತು. ನಿನ್ನ ಅಕ್ಷರ ನನ್ನದಕ್ಕಿಂತ ಛಲೋ ಇದೆ, ಸುಳ್ಳಲ್ಲ.

ಡಬ್ಬಿ ತೊಳೆಯುವವಳು ಪೂನಮಕ್ಕ, ನನ್ನ ರೂಮಿನವಳು. ಹುಬ್ಬಳ್ಳಿಯ ಕೇಶ್ವಾಪುರದವಳು, ನನಗಿಂತ ಎರಡು ವರ್ಷ ದೊಡ್ಡವಳು. ಅವಳ ಅಪ್ಪ ಹೈಸ್ಕೂಲಿನಲ್ಲಿ ಮಾಸ್ತರರು. "ರೊಟ್ಟಿ ಬಂದ ಡಬ್ಬಿ ಖಾಲಿ ಹೋದರ ನಮ್ಮವ್ವ ನನ್ನ ಬಡೀತಾಳ" ಎಂದು ಏನಾದರೂ ಹುಡುಕಿ ಹಾಕುತ್ತಾಳೆ. ನೀನು ಕಳಿಸುವ ಐದು ರೊಟ್ಟಿಯಲ್ಲಿ ಎರಡು ಅವಳೇ ತಿನ್ನುತ್ತಾಳೆ. ಅವಳಿಗೆ ಮೆಸ್ಸಿನ ಊಟ ಹಿಡಿಸುವುದಿಲ್ಲ.

ಇನ್ನು ಕ್ಲಾಸಿನ ವಿಷಯ. ಇಲ್ಲಿ ಕಲಿಸುವುದು ಬರೆಯುವ ಇಂಗ್ಲಿಷ್. ಈ ವಾರ ಎರಡು ವಾಕ್ಯಗಳನ್ನು ಒಂದು ಮಾಡುವುದು. ನಾವು "ಬಾವಿಕಟ್ಟೆಯ ಮೇಲೆ ಕೂತಿದ್ದ ಮುದುಕಿ" ಎನ್ನುತ್ತೇವೆ. ಮುದುಕಿ ಬರುವುದು ಕೊನೆಗೆ. ಇಂಗ್ಲಿಷಿನವರು ಮೊದಲು ಮುದುಕಿಯನ್ನು ತಂದು ನಿಲ್ಲಿಸುತ್ತಾರೆ. ಆಮೇಲೆ 'ಹೂ' ಎಂದು ಹಚ್ಚಿ, ಯಾವ ಮುದುಕಿ, ಎಲ್ಲಿ ಕೂತಿದ್ದಳು ಎಂದು ಹೇಳುತ್ತಾರೆ. ಮನುಷ್ಯರಿಗಾದರೆ 'ಹೂ', ವಸ್ತುವಿಗೆ 'ವಿಚ್', ಎರಡಕ್ಕೂ ನಡೆಯುವುದು 'ದ್ಯಾಟ್'. ಮಾತಿನಲ್ಲಿ ಎಷ್ಟೋ ಸಲ ಇವನ್ನು ನುಂಗಿಬಿಡುತ್ತಾರೆ. ಬರವಣಿಗೆಯಲ್ಲಿ, ಅದರಲ್ಲೂ ಆಫೀಸಿನ ಕಾಗದಗಳಲ್ಲಿ, ಒಂದರ ಹೊಟ್ಟೆಯಲ್ಲಿ ಇನ್ನೊಂದು ಇಟ್ಟು ಐದಾರು ಸಾಲು ಎಳೆಯುತ್ತಾರೆ. ಓದುವವರಿಗೆ ತಲೆ ತಿರುಗಬೇಕು.

ಪೂನಮಕ್ಕ ಒಂದು ಉಪಾಯ ಹೇಳಿಕೊಟ್ಟಿದ್ದಾಳೆ. 'ಹೂ' ಕಂಡಲ್ಲಿಂದ ಆ ತುಂಡು ಮುಗಿಯುವ ತನಕ ಪೆನ್ಸಿಲಿನಿಂದ ಕೆಳಗೆ ಗೆರೆ ಎಳೆಯಬೇಕು. ಮೊದಲ ಸಲ ಗೆರೆ ಇದ್ದದ್ದನ್ನು ಹಾರಿ ಓದಬೇಕು. ಯಾರು, ಏನು ಮಾಡಬೇಕು ಎಂಬುದು ಸಿಗುತ್ತದೆ. ಆಮೇಲೆ ಹಿಂದೆ ಬಂದು ಬಿಟ್ಟದ್ದನ್ನು ಓದಬೇಕು. ಕೆಲವು ತುಂಡುಗಳ ಎರಡೂ ಬದಿಗೆ ಕಾಮಾ ಇರುತ್ತದೆ. ಅವನ್ನು ಪೂರಾ ತೆಗೆದುಹಾಕಿದರೂ ವಾಕ್ಯ ನಿಲ್ಲುತ್ತದೆ.

ನಿನ್ನ ಮೇಲೂ ಒಂದು ವಾಕ್ಯ ಬರೆದೆ. ನನ್ನ ಅಕ್ಕ, ಹೂ ಗರಗದಲ್ಲಿ ಖಾದಿ ನೂಲುತ್ತಾಳೆ, ನನಗೆ ದಿನಾ ಬುತ್ತಿ ಕಳಿಸುತ್ತಾಳೆ. ಸರ್ ಅದನ್ನು ಫಳಿಯ ಮೇಲೆ ಬರೆಸಿದರು!

ನನ್ನ ಹಳೆಯ ಡಿಕ್ಷನರಿ ಗೋಡೆಯ ಗೂಡಿನಲ್ಲಿದೆ. ಬೇಕಾದರೆ ನೀನೂ ನೋಡು.

ನಿನ್ನ
ಸೃಷ್ಟಿ


ಗರಗ
1 ಜುಲೈ 2025

ಸೃಷ್ಟಿಗೆ,

ಭಾನುವಾರ ನೀನು ಬಂದು ಹೋದ ಮೇಲೆ ಬರೆಯಲೇಬಾರದು ಎಂದುಕೊಂಡಿದ್ದೆ.

ನೀನು ಚಪ್ಪಲಿ ಬಿಚ್ಚಿದಾಗಿನಿಂದ ತಿರುಗಿ ಮೆಟ್ಟುವ ತನಕ ಹದಿನೇಳು ಸಲ "ಪೂನಮಕ್ಕ" ಎಂದೆ. ನನ್ನನ್ನು "ಅಕ್ಕಾ" ಎಂದು ಕರೆದದ್ದು ನಾಲ್ಕು ಸಲ. ಅದರಲ್ಲಿ ಎರಡು ಸಲ ನೀರು ಕೇಳುವುದಕ್ಕೆ. ಅವ್ವ ನಿನ್ನ ಓಢಣಿ ಮುಟ್ಟಿ "ಭಾಳ ಛಲೋ ಐತಲ್ಲ, ಯಾವಾಗ ತಗೊಂಡಿ?" ಎಂದಳು. ನೀನು, "ಪೂನಮಕ್ಕಂದವಾ, ನಾವು ಬದಲಾಬದಲಿ ಹಾಕ್ಕೋತೀವಿ" ಎಂದೆ. ಆಗ ನಾನು ರೊಟ್ಟಿ ಹೊತ್ತುತ್ತದೆ ಎಂದು ಒಳಗೆ ಹೋದೆ. ಹಂಚಿನ ಮೇಲೆ ರೊಟ್ಟಿ ಇರಲಿಲ್ಲ.

ಫಳಿಯ ಮೇಲೆ ಬರೆದ ವಾಕ್ಯದ ಬಗ್ಗೆಯೂ ಹೇಳಬೇಕು. ಗೊತ್ತಿಲ್ಲದ ಅಷ್ಟು ಮಂದಿಯ ಮುಂದೆ ನನ್ನನ್ನು ಯಾಕೆ ಎಳೆದುಕೊಂಡು ಹೋದೆ? ಅದೂ ಎರಡು ಕಾಮಾಗಳ ನಡುವೆ ನನ್ನ ಕೆಲಸವನ್ನು ಇಟ್ಟು, ಇದನ್ನು ತೆಗೆದರೂ ನಡೆಯುತ್ತದೆ ಎಂದು ಕಲಿಸಿದರಂತೆ. ನಡೆಯುತ್ತದೆ ಬಿಡು. ನಾನು ನೂತರೂ ಬಿಟ್ಟರೂ ನಿನಗೆ ಬುತ್ತಿ ಬಂದರಾಯಿತು.

ನಿನಗೆ ನೆನಪಿರಲಿಕ್ಕಿಲ್ಲ. ನೀನು ಒಂದನೇ ಇಯತ್ತೆಗೆ ಹೋದ ವರ್ಷ ಅವ್ವನಿಗೆ ನಡು ಹಿಡಿದುಕೊಂಡಿತು. ಎದ್ದು ಕೂಡ್ರಲಿಕ್ಕೂ ಆಗುತ್ತಿರಲಿಲ್ಲ. ಮನೆಯಲ್ಲಿ ಒಬ್ಬರು ಇರಬೇಕಾಯಿತು, ನಾನು ಉಳಿದೆ. ನನ್ನ ಪಾಟಿಚೀಲ ತೊಳೆದು, ಹರಿದ ಹಿಡಿಕೆ ಹೊಲಿದು, ನಿನ್ನ ಹೆಗಲಿಗೆ ಹಾಕಿದವಳು ನಾನೇ. ಆಗ ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಯಾಕೆಂದರೆ ಸಾಲಿಯಿಂದ ಬಂದ ಕೂಡಲೇ ನೀನು ಒಲೆಯ ಮುಂದೆ ಕೂತು, ಅವತ್ತು ಕಲಿತದ್ದನ್ನೆಲ್ಲ ನನಗೆ ಒಪ್ಪಿಸುತ್ತಿದ್ದೆ. ಮೊದಲು ನನಗೇ. ಈಗ ಮೊದಲು ಪೂನಮಳಿಗೆ. ಉಳಿದದ್ದು ನನಗೆ.

ಜೋಳದ ಹಿಟ್ಟು ಕಡಿಮೆಯಾಗಿದೆ ಎಂದು ಬರೆಯಬೇಕೆಂದಿದ್ದೆ. ಅದು ಸುಳ್ಳು. ಹಿಟ್ಟು ಡಬರಿ ತುಂಬ ಇದೆ. ನಾಳೆಯಿಂದ ಮೂರೇ ರೊಟ್ಟಿ ಬರುತ್ತವೆ. ನಿನಗೆ ಮೂರು ಸಾಕು.

ಮಾಳವ್ವ


ಸಪ್ತಾಪುರ, ಧಾರವಾಡ
8 ಜುಲೈ 2025

ಅಕ್ಕಾ,

ಮೂರು ರೊಟ್ಟಿ ಬರುತ್ತಿವೆ. ಒಂದೂವರೆ ಒಂದೂವರೆ ತಿನ್ನುತ್ತಿದ್ದೇವೆ.

ನನ್ನ ಮೇಲೆ ಸಿಟ್ಟಿದ್ದರೆ ಇರಲಿ. ಆದರೆ ಆ ವಾಕ್ಯವನ್ನು ಇನ್ನೊಮ್ಮೆ ನೋಡು. ಕಾಮಾಗಳ ನಡುವಿನದ್ದನ್ನು ತೆಗೆದ ಮೇಲೆ ಏನು ಉಳಿಯುತ್ತದೆ? ನನ್ನ ಅಕ್ಕ ನನಗೆ ದಿನಾ ಬುತ್ತಿ ಕಳಿಸುತ್ತಾಳೆ. ನಿನ್ನನ್ನು ತೆಗೆಯಲಿಕ್ಕೆ ಬರುವುದೇ ಇಲ್ಲ.

ಒಂದು ದೊಡ್ಡ ಸುದ್ದಿ. ಮೈಸೂರಿನಲ್ಲಿ ಇಂಗ್ಲಿಷ್ ಶಿಕ್ಷಕರಾಗುವವರಿಗೆ ಒಂದು ವರ್ಷದ ತರಬೇತಿ ಇದೆ. ಇರುವುದು, ಊಟ ಎಲ್ಲ ಅವರದೇ. ಮುಗಿಸಿದವರನ್ನು ಸಾಲಿಗಳವರು ಕರೆದು ಕೆಲಸ ಕೊಡುತ್ತಾರಂತೆ. ನಾನು, ಪೂನಮಕ್ಕ ಇಬ್ಬರೂ ಪರೀಕ್ಷೆ ಬರೆದು ಬಂದೆವು. ಆಯ್ಕೆಯಾದರೆ ಅಂಚೆಯಲ್ಲಿ ಕಾಗದ ಬರುತ್ತದೆ. ಅವರದಿನ್ನೂ ಹಳೆಯ ಪದ್ಧತಿ. ರೂಮು ಯಾವಾಗ ಬಿಡಬೇಕಾಗುತ್ತದೋ ಎಂದು ನಾನು ಊರಿನ ವಿಳಾಸ ಕೊಟ್ಟಿದ್ದೇನೆ. ಆಗಸ್ಟ್ ಮೊದಲ ವಾರದಲ್ಲಿ ಬರಬಹುದು. ಬಂದ ಕೂಡಲೇ ಚೀಲಕ್ಕೆ ಹಾಕು. ಇದು ಸಿಗದಿದ್ದರೆ ಇನ್ನೊಂದು ವರ್ಷ ಕ್ಲಾಸು, ರೂಮು ಎಂದು ಅಪ್ಪನನ್ನು ಕೇಳುವ ಧೈರ್ಯ ನನಗಿಲ್ಲ.

ಸೃಷ್ಟಿ


ಗರಗ
23 ಜುಲೈ 2025

ಸೃಷ್ಟಿಗೆ,

ಸಿಟ್ಟು ಪೂರಾ ಇಳಿದಿಲ್ಲ. ಆದರೂ ಒಂದು ಸುದ್ದಿ ಹೇಳದೆ ಇರಲಾಗುತ್ತಿಲ್ಲ.

ನಿನ್ನ ಡಿಕ್ಷನರಿ ಇಳಿಸಿಕೊಂಡಿದ್ದೇನೆ. ರಾಟಿಯ ಮುಂದೆ ಕೂತಾಗ ಬಾಯಲ್ಲಿ 'ಹೂ, ವಿಚ್, ದ್ಯಾಟ್' ಎಂದುಕೊಳ್ಳುತ್ತಿರುತ್ತೇನೆ. ಪಕ್ಕದ ರಾಟಿಯ ಹನುಮವ್ವ, "ಏನವಾ ಮಾಳಿ, ನೂಲಿಗೆ ಮಂತ್ರಾ ಹಾಕಾಕತ್ತಿಯೇನ? ನಂದೂ ಭಾಳ ಹರಿಯಾಕತ್ತೈತಿ, ನನಗೂ ಸ್ವಲ್ಪ ಊದು" ಎಂದಳು. ಎಲ್ಲರೂ ನಕ್ಕರು. ನಾನು ತಲೆ ಎತ್ತಲಿಲ್ಲ.

ಮೊನ್ನೆ ಅಪ್ಪ ಬೆಳೆಗೆ ಹೊಡೆಯುವ ಔಷಧದ ಬಾಟ್ಲಿ ತಂದಿದ್ದ. ಅದರ ಮೇಲೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರ. ಅದರಲ್ಲಿ ಒಂದು 'ಹೂ' ಕಣ್ಣಿಗೆ ಬಿತ್ತು. ಗೆರೆ ಹಾಕಿಕೊಂಡು, ಮುಸ್ಸಂಜೆಯ ತನಕ ಕೂತು ಬಿಡಿಸಿದೆ. ಇದನ್ನು ಹೊಡೆಯುವ ಮನುಷ್ಯರು ಕೈ, ಮುಖ ಸಾಬಾಣ ಹಚ್ಚಿ ತೊಳೆಯಬೇಕು, ಎಂದಿತ್ತು. ಅಪ್ಪನಿಗೆ ಹೇಳಿದೆ. "ಬಾಟ್ಲಿ ನಿನ್ನ ಕೂಡ ಮಾತಾಡ್ತೇನ?" ಎಂದು ಕೇಳಿದ, ಆದರೆ ತೊಳೆದುಕೊಂಡ. ಎರಡು ಸಲ ತೊಳೆದುಕೊಂಡ.

ಇದನ್ನು ಪೂನಮಳಿಗೆ ಹೇಳಬೇಡ. ಉಪಾಯ ಅವಳದು ಎಂದು ನನಗೆ ಗೊತ್ತಿದೆ.

ಮೈಸೂರು ಎಷ್ಟು ದೂರ? ಜಾವೀದಣ್ಣನನ್ನು ಕೇಳಿದೆ. "ನಮ್ಮ ಬಸ್ಸು ಧಾರವಾಡ ಮುಟ್ಟಿದರ ಉಸ್ಸಂತ ಕುಂಡ್ರತೈತಿ, ಮೈಸೂರಿಗೆ ಎಲ್ಲಿ ಹೋಗತೈತಿ" ಎಂದ. ಅಂದರೆ ಅಲ್ಲಿಗೆ ಬುತ್ತಿಚೀಲ ಬರುವುದಿಲ್ಲ. ಕಾಗದವೂ ಬರುವುದಿಲ್ಲ.

ಅಕ್ಕ
ಮಾಳವ್ವ


ಗರಗ
9 ಆಗಸ್ಟ್ 2025

ಸೃಷ್ಟಿ,

ಈ ಕಾಗದ ಚೀಲಕ್ಕೆ ಹೋಗುವುದಿಲ್ಲ. ಬರೆದು ಗೂಡಿನಲ್ಲಿ ಇಡುತ್ತೇನೆ. ಯಾರಿಗಾದರೂ ಹೇಳಬೇಕು, ಹೇಳಲಿಕ್ಕೆ ಯಾರೂ ಇಲ್ಲ.

ಬುಧವಾರ ಅಂಚೆಯ ಗಂಗಪ್ಪಣ್ಣ ನಿನ್ನ ಹೆಸರಿನ ಉದ್ದನೆಯ ಲಕೋಟೆ ಕೊಟ್ಟು ಹೋದ. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಒಡೆಯಬಾರದಿತ್ತು, ಒಡೆದೆ. ಮೊದಲ ವಾಕ್ಯವೇ ಐದು ಸಾಲು. ಅದರಲ್ಲಿ ಎರಡು 'ಹೂ', ಒಂದು 'ವಿಚ್'. ನೀನು ಹೇಳಿದ ಹಾಗೆ ಪೆನ್ಸಿಲಿನಿಂದ ಗೆರೆ ಎಳೆದೆ. ಗೆರೆ ಹಾರಿ ಓದಿದೆ. ಆಮೇಲೆ ಹಿಂದೆ ಬಂದು ಬಿಟ್ಟದ್ದನ್ನು ಡಿಕ್ಷನರಿಯಲ್ಲಿ ಹುಡುಕಿದೆ. ಎರಡು ಸಂಜೆ ಹಿಡಿಯಿತು. ನೀನು ಆಯ್ಕೆಯಾಗಿದ್ದೀಯ. ಆಗಸ್ಟ್ ಇಪ್ಪತ್ತಕ್ಕೆ ಮುಂಜಾನೆ ಹನ್ನೊಂದಕ್ಕೆ ಈ ಕಾಗದ ತೆಗೆದುಕೊಂಡು ಮೈಸೂರಿನಲ್ಲಿರಬೇಕು. ಅವತ್ತು ಬಾರದವರ ಜಾಗ ಬೇರೆಯವರಿಗೆ.

ತಿಳಿದಾಗ ಮೊದಲು ಕುಣಿಯುವಷ್ಟು ಖುಷಿಯಾಯಿತು. ನಿನಗೆ ಸಿಕ್ಕಿದ್ದಕ್ಕಲ್ಲ, ನನಗೆ ಓದಲಿಕ್ಕೆ ಬಂತಲ್ಲ ಎಂದು. ಆಮೇಲೆ ಹೊಳೆಯಿತು, ಪೂನಮಳಿಗೂ ಬಂದಿರುತ್ತದೆ. ಇಬ್ಬರೂ ಒಂದೇ ರೈಲಿನಲ್ಲಿ ಕೂತು ಹೋಗುತ್ತೀರಿ. ಒಂದು ವರ್ಷ ಒಂದೇ ಕೋಣೆ. ನಿನ್ನ ಕಷ್ಟ ಸುಖ, ನಗು, ಓಢಣಿ ಎಲ್ಲ ಅವಳಿಗೆ. ನನ್ನ ರೊಟ್ಟಿ ಕೂಡ ಬೇಡ.

ಕಾಗದವನ್ನು ಡಿಕ್ಷನರಿಯ ನಡುವೆ ಇಟ್ಟಿದ್ದೇನೆ. ನಾಳೆ ಕಳಿಸುತ್ತೇನೆ ಎಂದು ದಿನಾ ಅಂದುಕೊಳ್ಳುತ್ತೇನೆ. ಚೀಲ ಕಟ್ಟುವಾಗ ಕೈ ಗೂಡಿನ ತನಕ ಹೋಗುತ್ತದೆ, ತಿರುಗಿ ಬರುತ್ತದೆ. ಮುಂದೆ ಯಾರಾದರೂ ಕೇಳಿದರೆ, ನನಗೆ ಇಂಗ್ಲಿಷ್ ಬರುವುದಿಲ್ಲ, ಯಾವುದೋ ಕಂಪನಿಯ ಕಾಗದ ಎಂದುಕೊಂಡೆ ಎನ್ನಬಹುದು. ಎಲ್ಲರೂ ನಂಬುತ್ತಾರೆ. ಐದನೇ ಇಯತ್ತೆ ಓದಿದವಳು. ರಬ್ಬರಿನಿಂದ ಆ ಗೆರೆಗಳನ್ನು ಅಳಿಸಿದರೆ ಸಾಕು.

ನಿನ್ನೆ ಸಂಜೆ ನಿನ್ನ ಚೀಟಿ ಬಂದಿತ್ತು, "ಅಂಚೆ ಬಂತೇನು?" ಎಂದು. ಇವತ್ತು "ಇಲ್ಲ" ಎಂದು ಬರೆದು ಕಳಿಸಿದೆ. ಎರಡೇ ಅಕ್ಷರ. ಈ ಸಲ ಸೊಟ್ಟಗಾಗಲಿಲ್ಲ ಎಂಬುದೇ ನನಗೆ ಹೆದರಿಕೆ.

ಮಾ


ಸಪ್ತಾಪುರ, ಧಾರವಾಡ
14 ಆಗಸ್ಟ್ 2025

ಅಕ್ಕಾ,

ಪೂನಮಕ್ಕನ ಕಾಗದ ಮೊನ್ನೆಯೇ ಕೇಶ್ವಾಪುರಕ್ಕೆ ಬಂದಿದೆ. ನನಗೆ ಬರಲಿಲ್ಲ ಎಂದರೆ ಆಗಿಲ್ಲ ಎಂದೇ ಅರ್ಥ. ಸಂಸ್ಥೆಗೆ ಫೋನು ಹಚ್ಚಿದರೆ ಯಾರೂ ಎತ್ತುವುದಿಲ್ಲ. ಎತ್ತಿದರೂ ಅವರ ಬಾಯಿಂದ ಇಲ್ಲ ಎಂದು ಕೇಳುವುದು ಬೇಡವಾಗಿದೆ. ತಿಂಗಳ ಕೊನೆಗೆ ರೂಮು ಬಿಟ್ಟು ಊರಿಗೆ ಬರುತ್ತೇನೆ. ಕೇಂದ್ರದಲ್ಲಿ ನಿನ್ನ ಪಕ್ಕ ಒಂದು ರಾಟಿ ಖಾಲಿ ಇದ್ದರೆ ಕೇಳಿಡು. ಖರೇನೇ ಹೇಳುತ್ತಿದ್ದೇನೆ.

ನಿನ್ನೆ ರೂಮಿನಲ್ಲಿ ಸಣ್ಣ ಜಗಳವಾಯಿತು. ಪೂನಮಕ್ಕ ಬಿಡಲೊಲ್ಲಳು. "ನನಗಿಂತ ನಿನಗ ಮಾರ್ಕ್ಸ್ ಜಾಸ್ತಿ ಬಿದ್ದಿರ್ತಾವ, ಬಂದಿರಾಕ ಬೇಕು. ಮನ್ಯಾಗ ಎಲ್ಲೆರ ಇಟ್ಟು ಮರತಾರೇನ ಕೇಳು" ಎಂದಳು.

ನಾನು ಹೇಳಿದೆ, "ಬಂದಿದ್ದರ ನಮ್ಮಕ್ಕ ರೊಟ್ಟಿ ಬಿಟ್ಟರೂ ಅದನ್ನ ಕಳಸೂದು ಬಿಡ್ತಿದ್ದಿಲ್ಲ."

"ಅಕಿಗೆ ಏನಂತ ತಿಳದಿಲ್ಲೇನೋ ಪಾಪ. ಇಂಗ್ಲಿಷ್ ಕಾಗದಲ್ಲ?"

ಅಷ್ಟಕ್ಕೆ ನನಗೆ ಸಿಟ್ಟು ಬಂತು. "ಅಕಿಗೆ ಪಾಪ ಗೀಪ ಅನಬ್ಯಾಡ. ಬಾಟ್ಲಿ ಮ್ಯಾಲಿನ ಇಂಗ್ಲಿಷ್ ಓದಿ ಅಪ್ಪನ ಕೈ ತೊಳಸ್ಯಾಳ ನಮ್ಮಕ್ಕ. ಅಕಿಗೆ ಎಲ್ಲಾ ತಿಳೀತೈತಿ. ನಾನ ಕಲಿಸೇನಿ" ಎಂದೆ.

ನೀನು ಹೇಳಬೇಡ ಎಂದಿದ್ದೆ, ಹೇಳಿಬಿಟ್ಟೆ. ತಪ್ಪಾಯಿತು. ಪೂನಮಕ್ಕ ಬಂದು ನನ್ನ ಪಕ್ಕ ಕೂತಳು. "ನನಗ ಹಿಂಗ ಬಡದಾಡೂ ತಂಗಿ ಇಲ್ಲ ನೋಡು" ಎಂದಳು.

ಡಬ್ಬಿಯಲ್ಲಿ ಕಲ್ಲುಸಕ್ಕರೆ ಇದೆ. ಈ ಸಲ ನಾನೇ ಹಾಕಿದ್ದು. ಡಬ್ಬಿಯನ್ನೂ ನಾನೇ ತೊಳೆದೆ.

ನಿನ್ನ
ಸೃಷ್ಟಿ


ಗರಗ
15 ಆಗಸ್ಟ್ 2025

ಸೃಷ್ಟಿಗೆ,

ಈ ಕಾಗದಕ್ಕಿಂತ ಮೊದಲು ಇದರ ಜೊತೆಗಿರುವ ಲಕೋಟೆ ನೋಡು. ಅದು ನಿನ್ನದು. ಆರನೇ ತಾರೀಖಿಗೇ ಬಂದಿದೆ. ಒಂಬತ್ತು ದಿನ ನಿನ್ನ ಡಿಕ್ಷನರಿಯೊಳಗಿತ್ತು. ಮರೆತು ಇಟ್ಟದ್ದಲ್ಲ. ನೀನು ಪೂನಮಳಿಗೆ ಹೇಳಿದ ಎರಡು ಮಾತಿನಲ್ಲಿ ಒಂದು ಖರೇ, ಒಂದು ಸುಳ್ಳು. ನನಗೆ ಎಲ್ಲಾ ತಿಳಿಯಿತು. ತಿಳಿದೂ ಕಳಿಸಲಿಲ್ಲ.

ಒಂಬತ್ತನೇ ತಾರೀಖಿಗೆ ಬರೆದು ಕಳಿಸದೆ ಇಟ್ಟಿದ್ದ ಕಾಗದವನ್ನೂ ಇಟ್ಟಿದ್ದೇನೆ. ಯಾಕೆ ಹೀಗೆ ಮಾಡಿದೆ ಎಂಬುದು ಅದರಲ್ಲಿದೆ, ಇನ್ನೊಮ್ಮೆ ಬರೆಯುವಷ್ಟು ಧೈರ್ಯ ಇಲ್ಲ. ಲಕೋಟೆಯ ಕಾಗದದ ಮೇಲಿನ ಪೆನ್ಸಿಲ್ ಗೆರೆಗಳನ್ನು ಅಳಿಸಿಲ್ಲ. ಅಳಿಸಿದ್ದರೆ ನೀನು ಇನ್ನೂ ನನ್ನ ಪರವಾಗಿ ಜಗಳ ಆಡುತ್ತಿದ್ದೆ. ಮೈಸೂರಿನವರು ಕೇಳಿದರೆ, ನಮ್ಮ ಅಕ್ಕ ಎಳೆದದ್ದು ಎನ್ನು.

ನಿನ್ನೆ ಸಂಜೆ ನಿನ್ನ ಕಾಗದ ಓದಿದಾಗ ಖುಷಿಪಡಬೇಕಾಗಿತ್ತು. ನನಗೆ ಬೇಕಾದದ್ದೇ ಆಗಿತ್ತಲ್ಲ. ನೀನು ಊರಿಗೆ ಬರುತ್ತೀಯ, ನನ್ನ ಪಕ್ಕ ಕೂಡುತ್ತೀಯ, ಪೂನಮ್ ಒಬ್ಬಳೇ ಹೋಗುತ್ತಾಳೆ. ಕೂತು ಅದನ್ನೇ ನೋಡಿದೆ. ನೀನು ರಾಟಿ ತಿರುಗಿಸುತ್ತಿರುವುದು, ನಾನು ನಿನ್ನ ಮುಖ ನೋಡಲಾಗದೆ ಆಚೆ ನೋಡುವುದು. ದಿನಾ. ಅವ್ವ, "ಯಾಕ, ಹೊಟ್ಟಿ ನೋಯಾಕತ್ತೈತೇನ?" ಎಂದು ಕೇಳಿದಳು. ಹೌದು ಎಂದೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪ, ಅವ್ವ ಇಬ್ಬರಿಗೂ ಎಲ್ಲ ಹೇಳಿದೆ. ಅಪ್ಪ ಫೋನು ತೆಗೆದು ನನ್ನ ಮುಂದೆ ಇಟ್ಟ. ನನಗೆ ನಂಬರು ಒತ್ತಲಾಗಲಿಲ್ಲ. "ಬರದ ಕಳಸ್ತೇನಿ, ಮುಂಜಾನೆ ಮುಟ್ಟತೈತಿ" ಎಂದೆ.

ಇನ್ನೂ ಐದು ದಿನ ಇವೆ. ಲಗೂ ಟಿಕೆಟ್ ತೆಗೆಸು. ಪೂನಮಳ ಪಕ್ಕದ ಸೀಟೇ ಸಿಗಲಿ. ಇದನ್ನು ಮನಸ್ಸಿನಿಂದ ಬರೆದೆ ಎಂದರೆ ಅದೂ ಸುಳ್ಳಾಗುತ್ತದೆ. ಬರೆದಿದ್ದೇನೆ, ಅಷ್ಟೇ.

ನಿನ್ನ ಹತ್ತಿರ ಮಾಫಿ ಕೇಳುವುದಿಲ್ಲ. ಸಿಟ್ಟಿದ್ದರೆ ಬರೆಯುವ ತ್ರಾಸೂ ತೆಗೆದುಕೊಳ್ಳಬೇಡ. ಸಂಜೆಯ ಬಸ್ಸಿಗೆ ಡಬ್ಬಿ ಖಾಲಿ ಕಳಿಸು, ನನಗೆ ತಿಳಿಯುತ್ತದೆ.

ಜಾವೀದಣ್ಣನ ಕೂಡ ಇವತ್ತು ಮೊದಲ ಸಲ ತಲೆ ಎತ್ತಿ ಮಾತಾಡುತ್ತೇನೆ. ಚೀಲವನ್ನು ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ಇಟ್ಟು ಹೋಗಬೇಡ, ಸೃಷ್ಟಿಯ ಕೈಯಲ್ಲೇ ಕೊಡು ಎಂದು ಹೇಳುತ್ತೇನೆ. ಅಲ್ಲಿಂದ ಹಾಗೇ ಕೇಂದ್ರಕ್ಕೆ ಹೋಗಬೇಕು, ಇವತ್ತು ಝಂಡಾ ಏರಿಸುತ್ತಾರೆ.

ಮುಂಜಾನೆ ಬೇಗ ಎದ್ದು ಆರು ರೊಟ್ಟಿ ಬಡಿದೆ. ಮೂರು ನಿನಗೆ. ಮೂರನ್ನು ಬೇರೆ ಅರಿವೆಯಲ್ಲಿ ಕಟ್ಟಿ, ಮೇಲೆ ಪೂನಮ್ ಎಂದು ಬರೆದ ಚೀಟಿ ಸಿಕ್ಕಿಸಿದ್ದೇನೆ. ಅವಳವು ಸ್ವಲ್ಪ ದಪ್ಪಗಿವೆ, ನಿನ್ನವುಗಳಷ್ಟು ತೆಳ್ಳಗೆ ಬಡಿಯಲಿಕ್ಕೆ ಇನ್ನೂ ಮನಸ್ಸು ಬರಲಿಲ್ಲ.

ಮಾಳವ್ವ